ಬೆಲ್ಟಿನ ಮೇಲೆ ಬಿಗಿದ ಪಟ್ಟಿ

ಹದಿನೆಂಟು ಮೀಟರ್ ಆಳದಲ್ಲಿ ಗಾಳಿ ನಿಂತಿತು.

ಕಡಿಮೆಯಾಗಲಿಲ್ಲ... ನಿಂತೇ ಹೋಯಿತು. ಬಾಯಲ್ಲಿದ್ದ ರಬ್ಬರ್ ಚೀಪಿದೆ. ಏನೂ ಬರಲಿಲ್ಲ.

ಬೆನ್ನ ಹಿಂದೆ ದೋಣಿ ಮಾಲೀಕ ಯಾಂಗ್ ತೇಗ್ಯು ಇದ್ದ. ಅವನ ಕೈ ನನ್ನ ಸಿಲಿಂಡರಿನ ವಾಲ್ವ್ ಮೇಲಿತ್ತು.

ಯಾಕೆ ಅಂತ ಹೇಳುತ್ತೇನೆ, ಕೇಳಿ.

ನಾನು ಹ್ಯೊನ್ ಮಲ್ಸುಕ್. ಜೇಜು ದ್ವೀಪದ ಸೊಗ್ವಿಪೊ ಬಂದರಿನಲ್ಲಿ ಡೈವಿಂಗ್ ಸಾಮಾನು ತಿದ್ದಿಕೊಡುತ್ತೇನೆ. ಪಟ್ಟಿ ಭುಜ ಕೊಯ್ಯುತ್ತಿದೆಯೇ? ಬಿಚ್ಚಿ ಹೊಲಿಯುತ್ತೇನೆ. ನೀರಿನಲ್ಲಿ ಕಾಲು ಜೋತುಬೀಳುತ್ತದೆಯೇ? ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದಲ್ಲಿ ಅರ್ಧ ತೆಗೆದು, ಜೇಬಿಗೆ ಹಾಕಿ ಸಿಲಿಂಡರಿನ ಕೊರಳಿಗೆ ಕಟ್ಟುತ್ತೇನೆ.

ಮೂರು ವರ್ಷದ ಹಿಂದೆ ಗೈಡ್ ಕೋ ಇನ್‌ಬೇ ಬಂದಿದ್ದ. ಸಿಲಿಂಡರ್ ಜಾರಿ ತಲೆಗೆ ಬಡಿಯುತ್ತಿತ್ತು. ತೊಡೆಗಳ ನಡುವಿನಿಂದ ಬಂದು ಸೊಂಟದ ಮುಂದೆ ಸೇರುವ ಒಂದು ಪಟ್ಟಿ ಹೊಲಿದುಕೊಟ್ಟೆ. ಸಿಲಿಂಡರ್ ಮತ್ತೆ ಅಲ್ಲಾಡಲಿಲ್ಲ. ಹೊಲಿಗೆಯಲ್ಲಿ ಒಂದು ದೋಷವೂ ಇಲ್ಲ ಅಂದಿದ್ದ.

ಒಂಬತ್ತು ದಿನದ ಹಿಂದೆ ಅವನು ಮುಳುಗಿ ಸತ್ತ. ಆಪತ್ತು ಬಂದರೆ ಡೈವರ್ ಮೊದಲು ಬಿಸಾಡುವುದು ಸೀಸದ ಬೆಲ್ಟ್. ಇನ್‌ಬೇ ಬಕಲ್ ಎಳೆದಿದ್ದ. ಬೆಲ್ಟ್ ಮಾತ್ರ ಬಿದ್ದಿರಲಿಲ್ಲ. ನನ್ನ ಪಟ್ಟಿಗೆ ಸಿಕ್ಕಿಕೊಂಡಿತ್ತು.

"ಅಕ್ಕಾ, ನಿಮ್ಮ ಪಟ್ಟಿಯೇ ಅವನನ್ನ ಕೊಂದಿದ್ದು," ಅಂದ ಸಾರ್ಜೆಂಟ್ ಪ್ಯೊನ್, ಅಂಗಡಿಗೆ ಸೀಲ್ ಹಾಕುತ್ತಾ. "ಸೋಮವಾರ ಚಾರ್ಜ್‌ಶೀಟ್. ಎರಡು ವರ್ಷ ಒಳಗಿರಬೇಕಾಗುತ್ತೆ."

"ಮೊದಲು ಪಟ್ಟಿ, ಆಮೇಲೆ ಅದರ ಮೇಲೆ ಬೆಲ್ಟ್. ಇನ್‌ಬೇ ಮೂರು ವರ್ಷ ಹಾಗೇ ಹಾಕ್ಕೊಂಡ. ಅವತ್ತು ಬೆಲ್ಟ್ ಒಳಗಡೆ ಹೇಗೆ ಹೋಯ್ತು?"

"ಮರೆತಿರಬೇಕು."

"ನೀನು ಯಾವತ್ತಾದರೂ ಮರೆತು ಪ್ಯಾಂಟಿನ ಮೇಲೆ ಚಡ್ಡಿ ಹಾಕಿದ್ದೀಯಾ ತಮ್ಮಾ?"

ಪ್ಯೊನ್ ಸ್ವಲ್ಪ ಯೋಚಿಸಿದ. "ಇಲ್ಲ."

"ಯಾರೋ ತೊಡಿಸಿದ್ದಾರೆ."

"ದೋಣಿಯಲ್ಲಿದ್ದವನು ಯಾಂಗ್ ಒಬ್ಬನೇ. ಇನ್‌ಬೇನ ಮುಟ್ಟೇ ಇಲ್ಲ ಅಂತಾನೆ. ನೀರಿಗೂ ಇಳಿದಿಲ್ವಂತೆ."

ಯಾಂಗ್‌ನನ್ನು ನಾನು ಬಲ್ಲೆ. ಮೂವತ್ತು ವರ್ಷ ಪೈಪಿನ ಡೈವರ್. ದೋಣಿಯಿಂದ ಪೈಪಿನಲ್ಲಿ ಗಾಳಿ ಎಳೆದುಕೊಂಡು ಸಮುದ್ರದ ತಳದಲ್ಲಿ ನಡೆದವನು. ಬೆನ್ನಿಗೆ ಸಿಲಿಂಡರ್ ಇಲ್ಲ, ತೊಡೆಗೆ ಪಟ್ಟಿ ಇಲ್ಲ. ಅವನು ಮೈಗೆ ಮೊದಲು ಬಿಗಿಯುತ್ತಿದ್ದದ್ದೇ ಸೀಸ.

ಮರುದಿನ ಬೆಳಿಗ್ಗೆ ಅವನ ದೋಣಿ ಹತ್ತಿದೆ.

"ಇನ್‌ಬೇ ಸತ್ತ ಜಾಗ ನೋಡಬೇಕು, ಯಾಂಗ್ ಅಣ್ಣ. ಭುಜ ಹಿಡಿದುಬಿಟ್ಟಿದೆ. ಸ್ವಲ್ಪ ತೊಡಿಸ್ತೀಯಾ?"

"ವಯಸ್ಸಾಯ್ತು ನಿನಗೆ. ಮನೇಲಿ ಕೂತು ಮೂಲಂಗಿ ಹೆಚ್ಚು."

ಬೈಯುತ್ತಲೇ ತೊಡಿಸಿದ. ಮೊದಲು ಬೆಲ್ಟ್. ಆಮೇಲೆ ಸಿಲಿಂಡರ್. ಕೊನೆಗೆ ತೊಡೆಯ ಪಟ್ಟಿ... ಬೆಲ್ಟಿನ ಮೇಲೆ.

ನಾನು ಮಾಸ್ಕ್ ಎಳೆದುಕೊಂಡೆ.

"ಒಬ್ಬಳೇ ಬೇಡ, ನಾನೂ ಬರ್ತೀನಿ," ಅಂದ.

ತಳದಲ್ಲಿ ಹವಳದ ಮೇಲೆ ಮೂಟೆಗಳು ಬಿದ್ದಿದ್ದವು. ಒಂದು ಹರಿದಿತ್ತು. ಒಳಗೆ ಮೀನು ಸಾಕಣೆ ತೊಟ್ಟಿಯಲ್ಲಿ ರೋಗ ಬಂದು ಸತ್ತ ಚಪ್ಪಟೆ ಮೀನು. ನೆಲದಲ್ಲಿ ಹೂಳಬೇಕಾದದ್ದನ್ನು ಯಾಂಗ್ ಇಲ್ಲಿ ತಂದು ಸುರಿಯುತ್ತಿದ್ದ. ಇನ್‌ಬೇ ಇದನ್ನು ನೋಡಿದ್ದಾನೆ. ಈಗ ನಾನೂ ನೋಡಿದೆ.

ಗಾಳಿ ನಿಂತದ್ದು ಆಗಲೇ.

ಇನ್‌ಬೇಗೂ ಹೀಗೇ ಗಾಳಿ ನಿಲ್ಲಿಸಿರಬೇಕು. ಅವನ ಕೈ ಹಿಂದಿನ ವಾಲ್ವಿಗೆ ಎಟುಕುತ್ತಿರಲಿಲ್ಲ. ನನಗೆ ಎಟುಕುತ್ತದೆ. ಸಿಲಿಂಡರನ್ನು ನಾಲ್ಕು ಬೆರಳು ಮೇಲೆ ಕಟ್ಟಿಕೊಂಡಿದ್ದೆ, ಇದಕ್ಕೆಂದೇ. ಕೈ ಹಿಂದೆ ಹಾಕಿದೆ. ಯಾಂಗ್‌ನ ಬೆರಳು ಸಿಕ್ಕಿತು. ಹಿಂದಕ್ಕೆ ಮಡಚಿದೆ. ಲಟಕ್. ವಾಲ್ವ್ ತಿರುಗಿಸಿದೆ.

ಗಾಳಿ ಬಂತು. ಯಾಂಗ್ ಇನ್ನೊಂದು ಕೈಯಲ್ಲಿ ಚಾಕು ತೆಗೆದ.

ಮೇಲೆ ತೇಲುವ ಬೋಯ್‌ನಿಂದ ಇಳಿಬಿದ್ದ ಹಗ್ಗ ಹಿಡಿದು ಮೇಲಕ್ಕೆ ಹೊರಟೆ. ಅವಸರ ಮಾಡುವ ಹಾಗಿಲ್ಲ. ಮಾಡಿದರೆ ರಕ್ತದಲ್ಲಿ ಗುಳ್ಳೆ ಏಳುತ್ತದೆ. ಅವನ ಕೆಲಸ ನಾನೇ ಮುಗಿಸಿದ ಹಾಗೆ. ನಿಮಿಷಕ್ಕೆ ಒಂಬತ್ತು ಮೀಟರ್. ಅವನಿಗೂ ಅದೇ ಭಯ, ಅವನೂ ಒಂಬತ್ತೇ ಮೀಟರ್. ಅಷ್ಟು ನಿಧಾನವಾಗಿ ನನ್ನನ್ನು ಯಾರೂ ಅಟ್ಟಿಸಿಕೊಂಡು ಬಂದಿರಲಿಲ್ಲ.

ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ನಿಂತೆ. ಎರಡು ಮಾರು ಕೆಳಗೆ ಅವನೂ ನಿಂತ.

ಅಷ್ಟರಲ್ಲಿ ಸಿಯೋಲ್‌ನಿಂದ ಬಂದ ಎಂಟು ಪ್ರವಾಸಿಗಳು ಅದೇ ಹಗ್ಗ ಹಿಡಿದು ಇಳಿದರು. ಒಬ್ಬೊಬ್ಬರೂ ಬೆರಳು ಸುತ್ತಿ ಕೇಳಿದರು... ಎಲ್ಲ ಸರಿಯಾ?

ಸರಿ, ಅಂದೆ ನಾನು. ಎಂಟು ಸಲ.

ಯಾಂಗ್ ಚಾಕು ಬೆನ್ನ ಹಿಂದಿಟ್ಟು, ಮುರಿಯದ ಬೆರಳಲ್ಲಿ ಸರಿ ಅಂದ. ಅವನೂ ಎಂಟು ಸಲ.

ಮೇಲೆದ್ದು ಪ್ರವಾಸಿಗಳ ದೋಣಿ ಹತ್ತಿ ದಡ ಸೇರಿದೆ. ನಾನು ಹೇಳಿಟ್ಟಿದ್ದಂತೆ ಪ್ಯೊನ್ ಕಟ್ಟೆಯ ಮೇಲೆ ಕಾದಿದ್ದ. ನನ್ನ ಸಿಲಿಂಡರಿನ ಕೊರಳಿಗೂ ಸೀಸದ ಜೇಬು ಇತ್ತು... ಅದರಿಂದ ಸೀಸ ತೆಗೆದು, ಹಿಂದಕ್ಕೆ ಮುಖ ಮಾಡಿದ ಕ್ಯಾಮೆರಾ ಹೊಲಿದಿದ್ದೆ. ಬಿಚ್ಚಿ ಅವನ ಕೈಗೆ ಕೊಟ್ಟೆ. ಅವನು ಅಲ್ಲೇ ನಿಂತು ಅದರಲ್ಲಿದ್ದದ್ದನ್ನು ನೋಡಿದ.

ಯಾಂಗ್ ಹಿಂದೆಯೇ ಬಂದ. "ಅವಳ ವಾಲ್ವ್ ಸಡಿಲ ಇತ್ತು ಸಾರ್. ಸರಿ ಮಾಡ್ತಿದ್ದೆ."

"ಚಾಕುವಿನಿಂದಲಾ?" ಅಂದ ಪ್ಯೊನ್. "ಇರಲಿ. ಇನ್‌ಬೇ ವಿಷಯ ಹೇಳು."

"ಅವನನ್ನ ನಾನು ಮುಟ್ಟಿಲ್ಲ."

ಇದು ಹೀಗೇ ಸಂಜೆಯವರೆಗೆ ಎಳೆಯುತ್ತದೆ ಅನಿಸಿತು. ನನಗೆ ಅಷ್ಟು ತಾಳ್ಮೆ ಇಲ್ಲ.

"ಮುಟ್ಟಿರಲಾರ ಬಿಡು ಸಾರ್ಜೆಂಟ್," ಅಂದೆ. "ಈ ಮುದುಕನಿಗೆ ತೊಡಿಸೋಕೆ ಎಲ್ಲಿ ಬರುತ್ತೆ? ನನ್ನ ಬೆಲ್ಟ್ ನೋಡು. ಹೊಸಬರೂ ಹೀಗೆ ಕಟ್ಟಲ್ಲ."

ಯಾಂಗ್‌ನ ಕತ್ತಿನ ನರ ಉಬ್ಬಿತು.

"ಯಾರಿಗೆ ಹೇಳ್ತೀಯೇ, ಹೊಲಿಗೆಯವಳೇ? ನೀನು ಸೂಜಿ ಹಿಡಿಯೋ ಮುಂಚೆ ಸೀಸ ಕಟ್ಟಿದವನು ನಾನು. ಇನ್‌ಬೇಗೂ ಇದೇ ಕೈಯಿಂದ ಹೀಗೇ ಕಟ್ಟಿದ್ದು. ಕಡೇವರೆಗೂ ಒಂದಿಷ್ಟು ಸಡಿಲ ಆಗಲಿಲ್ಲ..."

ಪ್ಯೊನ್ ಕೈಕೋಳ ತೆಗೆದ.

ಸೋಮವಾರ ಅವನೇ ಬಂದು ಅಂಗಡಿಯ ಸೀಲ್ ಒಡೆದ. ಮುಖ ಎತ್ತಲಿಲ್ಲ.

"ನಿಮ್ಮ ಹೊಲಿಗೆಯಲ್ಲಿ ಯಾವ ದೋಷವೂ ಇಲ್ಲ ಅಂತ ರಿಪೋರ್ಟಿನಲ್ಲಿ ಬರೆದಿದ್ದೇನೆ, ಅಕ್ಕಾ."

"ಇನ್‌ಬೇ ಅದನ್ನ ಮೂರು ವರ್ಷದ ಹಿಂದೆಯೇ ಹೇಳಿದ್ದ," ಅಂದೆ. "ಅವನು ಹಾಗೆ ಹೇಳೋಕೆ ಯಾರೂ ಸಾಯಬೇಕಾಗಿರಲಿಲ್ಲ."