ಮುಟ್ಟಿದ ಕುದುರೆ

ವಸಂತೋತ್ಸವದ ದಿನ ಕಂಕಣಪುರದ ರಾಜಬೀದಿಗಳು ಓಕುಳಿಯಿಂದ ಕೆಂಪೇರಿದ್ದವು. ಮಾಳಿಗೆಗಳಿಂದ ಹೆಂಗಳೆಯರು ಸುಗಂಧಜಲ ಎರಚುತ್ತಿದ್ದರು, ಅರಮನೆಯ ಆನೆಗಳು ಸಹ ಮೈತುಂಬ ಬಣ್ಣ ಮೆತ್ತಿಕೊಂಡು ನಾಚಿಕೆಯಿಲ್ಲದೆ ತಿರುಗುತ್ತಿದ್ದವು. ಆ ಸಂಭ್ರಮದಲ್ಲಿ ಹನಿ ಬಣ್ಣವೂ ತಾಗದ ಉತ್ತರೀಯವೊಂದಿತ್ತು. ಅದು ದ್ಯೂತಾಧ್ಯಕ್ಷ ಬಾಚರಸನದು. ಆಟಗಳಲ್ಲಿ ವ್ಯಾಜ್ಯ ಹುಟ್ಟಿದರೆ ನಿಯಮ ಹೇಳುವವನು ಅವನು. ಆದಕಾರಣ ಯಾರ ಮನೆಯಲ್ಲೂ ಉಣ್ಣಬಾರದು, ಯಾರೊಡನೆಯೂ ಆಡಬಾರದು ಎಂಬುದು ಆ ಪದವಿಯ ಕಟ್ಟಳೆ. ಬಾಲ್ಯಸಖನಾದ ದಂಡನಾಯಕ ಬೊಪ್ಪದೇವನ ಮನೆಯ ಮೆಟ್ಟಿಲನ್ನು ಸಹ ಅವನು ವರ್ಷಗಳಿಂದ ತುಳಿದಿರಲಿಲ್ಲ. ಎಲ್ಲರೂ ಅವನನ್ನು ಗೌರವಿಸುತ್ತಿದ್ದರು, ಯಾರೂ ಹತ್ತಿರ ಕರೆಯುತ್ತಿರಲಿಲ್ಲ.

ಮಧ್ಯಾಹ್ನ ರಾಜಸಭೆಯಿಂದ ಕರೆ ಬಂತು. ಹುಡುಗಾಟದ ದೊರೆ ಎರೆಯಮರಸನು ಉತ್ತರದ ಗಡಿಕೋಟೆಯ ಅಧಿಕಾರವನ್ನೇ ಚದುರಂಗಕ್ಕೆ ಪಣವಿಟ್ಟಿದ್ದನು. ಆಡಿದವರು ಆ ಕೋಟೆಯನ್ನು ಕಾಯುತ್ತಿದ್ದ ಬೊಪ್ಪದೇವ, ಮತ್ತು ಅದನ್ನು ಬಯಸಿದ್ದ ಮಹಾಪ್ರಧಾನ ಚಾವುಂಡಮಯ್ಯ. ಪ್ರಧಾನನು ಶತ್ರುರಾಜನೊಡನೆ ಒಳಗೊಳಗೇ ಸಂಧಾನ ನಡೆಸಿದ್ದಾನೆಂದು ಬಲ್ಲವರೆಲ್ಲ ಬಲ್ಲರು. ಬಾಯಿಬಿಡುವ ಧೈರ್ಯ ಒಬ್ಬರಿಗೂ ಇರಲಿಲ್ಲ.

ಆಟ ಮುಗಿಯಿತೆಂದು ಸಾರಿ ಚಾವುಂಡಮಯ್ಯನು ಕಾಯಿಗಳನ್ನು ಆಗಲೇ ಕಲಸಿಬಿಟ್ಟಿದ್ದನು. "ಅಧ್ಯಕ್ಷರೇ, ಸಣ್ಣ ಪ್ರಶ್ನೆ. ಮುಟ್ಟಿದ ಕಾಯಿಯನ್ನು ನಡೆಸದವನು ಸೋತಂತೆಯೋ ಇಲ್ಲವೋ? ಒಂದೇ ಮಾತಿನಲ್ಲಿ ಹೇಳಿರಿ."

"ಅರೆಬರೆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಪ್ರಧಾನರೇ," ಎಂದನು ಬಾಚರಸ. "ಯಾವ ಕಾಯಿ, ಯಾವ ಮನೆಯಲ್ಲಿತ್ತು, ಸರದಿ ಯಾರದು? ಹಲಗೆಯ ಮೇಲೆ ಇದ್ದಂತೆಯೇ ಇಟ್ಟು ಕೇಳಬೇಕು. ಎದುರಾಳಿಯೂ ಹೌದೆಂದ ಮೇಲೆಯೇ ಅದು ಪ್ರಶ್ನೆಯಾಗುತ್ತದೆ."

ದೊರೆ ತಲೆಯಾಡಿಸಿದನು. ಪ್ರಧಾನನು ಗೊಣಗುತ್ತ ಕಾಯಿಗಳನ್ನು ಜೋಡಿಸಿ, ದಂಡನಾಯಕನ ಕುದುರೆಯತ್ತ ಬೆರಳು ತೋರಿಸಿದನು. ಬೊಪ್ಪದೇವನು ನೋಡಿ, ಹೀಗೆಯೇ ಇತ್ತೆಂದು ಒಪ್ಪಿದನು.

"ದಂಡನಾಯಕರೇ, ನಿಮ್ಮ ಸರದಿಯಲ್ಲಿ ಕುದುರೆಯನ್ನು ಮುಟ್ಟಿದಿರಾ?"

ಬೊಪ್ಪದೇವನು ಗೆಳೆಯನ ಮುಖವನ್ನೇ ದಿಟ್ಟಿಸಿದನು. ತುಂಬಿದ ಸಭೆಯಲ್ಲಿ ಇವನೇ ಹೀಗೆ ಕೇಳಬೇಕೆ ಎಂಬ ನೋವು ಆ ಕಣ್ಣುಗಳಲ್ಲಿತ್ತು. "ಮುಟ್ಟಿದೆ. ಮುಟ್ಟಿ, ಬಿಟ್ಟೆ."

ಚಾವುಂಡಮಯ್ಯನು ಮೀಸೆಯಡಿ ನಕ್ಕನು. ಬಾಚರಸನು ಹಲಗೆಯ ಮೇಲೆ ಬಾಗಿದನು. ಕುದುರೆಗೆ ಒಂದಾದರೂ ದಾರಿಯಿದ್ದರೆ ಗೆಳೆಯನೂ ಕೋಟೆಯೂ ಹೋದಂತೆ, ಅದನ್ನು ತನ್ನ ಬಾಯಿಂದಲೇ ಹೇಳಬೇಕು.

"ಈ ಕುದುರೆ ಕದಲಿದರೆ ಹಿಂದಿರುವ ರಾಜನು ನೇರವಾಗಿ ಪ್ರಧಾನರ ಆನೆಗೆ ಸಿಕ್ಕುತ್ತಾನೆ," ಎಂದನು ಕೊನೆಗೆ. "ತನ್ನ ರಾಜನನ್ನು ತಾನೇ ಒಪ್ಪಿಸುವ ನಡೆ ನಿಯಮದಲ್ಲಿಲ್ಲ. ನಡೆಸಲಾಗದ ಕಾಯಿಯನ್ನು ಮುಟ್ಟಿದರೆ ದೋಷವೂ ಇಲ್ಲ. ಆಟ ಮುಂದುವರಿಯಲಿ."

ತಾನೇ ಜೋಡಿಸಿದ ಹಲಗೆಯನ್ನು ಪ್ರಧಾನನು ಸುಳ್ಳೆನ್ನುವಂತಿರಲಿಲ್ಲ. ಆಟ ಮುಂದುವರಿಯಿತು, ಬೊಪ್ಪದೇವನು ಗೆದ್ದನು.

ಸಂಜೆ ಸೇನೆಯೊಡನೆ ಉತ್ತರಕ್ಕೆ ಹೊರಟ ದಂಡನಾಯಕನು ಬಾಚರಸನ ಬಾಗಿಲಲ್ಲಿ ಕುದುರೆ ನಿಲ್ಲಿಸಿದನು.

"ದಾರಿ ಇದ್ದಿದ್ದರೆ ಏನನ್ನುತ್ತಿದ್ದೆ, ಬಾಚ?"

"ಸೋತೆ ಎನ್ನುತ್ತಿದ್ದೆ."

ಬೊಪ್ಪದೇವನು ಲಗಾಮು ಸಡಿಲಿಸಿ, "ಊಟವಾಯಿತೇನೋ?" ಎಂದನು.

ಹಾಗೆ ಕೇಳುವವರು ಬಾಚರಸನಿಗೆ ಯಾರೂ ಉಳಿದಿರಲಿಲ್ಲ. ಒಳಗೆ ಒಲೆಯನ್ನೂ ಹೊತ್ತಿಸಿರಲಿಲ್ಲ. ಇಲ್ಲವೆಂದರೆ ಗೆಳೆಯನು ಇಳಿದು ಬಂದು ಕೈಹಿಡಿದು ಊಟಕ್ಕೆ ಎಳೆಯುವನೆಂದೂ, ಎಳೆದರೆ ತಾನು ಹೋಗಿಯೇಬಿಡುವೆನೆಂದೂ ಅವನಿಗೆ ಗೊತ್ತಿತ್ತು.

"ಆಯಿತು," ಎಂದನು.