ಕಡಲಿಗೆ ಹೆಣೆದ ಸ್ವೆಟರ್

“ಅದನ್ನ ಮಾತ್ರ ಮುಟ್ಟಬೇಡ. ಧೂಳು ಕೂತ್ರೆ ಕೂತ್ಕೊಳ್ಲಿ.”

ಮದುವೆಯಾಗಿ ಆ ಪುಟ್ಟ ದ್ವೀಪಕ್ಕೆ ಬಂದ ಮೊದಲ ದಿನವೇ ಅತ್ತೆ ಸುನ್ನೂವಾ ಸೊಸೆ ಬಿರ್ತೆಗೆ ಹೇಳಿದ ಮಾತು ಇದು. ಒಲೆಯ ಪಕ್ಕದ ಮೊಳೆಗೆ ಬೂದು ಬಣ್ಣದ ಸ್ವೆಟರೊಂದು ತೂಗುತ್ತಿತ್ತು. ಬಲತೋಳು ಪೂರ್ತಿಯಾಗಿತ್ತು. ಎಡತೋಳು ಹೆಗಲಿನಿಂದಿಳಿದು ಮೊಣಕೈ ಹತ್ತಿರ ನಿಂತುಬಿಟ್ಟಿತ್ತು. ಮೂಳೆಯ ನಾಲ್ಕು ಹೆಣಿಗೆಕಡ್ಡಿಗಳು ಇಪ್ಪತ್ತೆರಡು ವರ್ಷದಿಂದ ಅಲ್ಲೇ ಸಿಕ್ಕಿಕೊಂಡಿದ್ದವು. ಕೆಳಗೆ ಬುಟ್ಟಿಯಲ್ಲಿ ಉಣ್ಣೆಯ ಉಂಡೆ.

ಅದನ್ನು ಮುಗಿಸಿದರೆ ಮನೆಗೆ ಸಾವು ಬರುತ್ತದೆ ಅಂತ ಅತ್ತೆ ಅಂದಾಗ ಬಿರ್ತೆ ನಕ್ಕುಬಿಟ್ಟಳು. ಕೋಪನ್‌ಹೇಗನ್ನಿನ ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳು. ಸಾವು ರಕ್ತದಿಂದ, ಸೋಂಕಿನಿಂದ ಬರುವುದನ್ನು ಕಂಡಿದ್ದಳು, ನೂಲಿನಿಂದಲ್ಲ.

ಕಾರಣ ಹೇಳಿದ್ದು ಪಕ್ಕದ ಮನೆಯ ಮಾರ್ಯುನ್. ಸುನ್ನೂವಾಳ ಗಂಡನನ್ನು ಕಡಲು ನುಂಗಿದಾಗ ಮಗ ರೋಗ್ವಿಗೆ ಮೂರು ವರ್ಷ. ಅವಳು ಗಂಡನ ದಿಂಬಿನ ಮೇಲಿದ್ದ ಕೂದಲನ್ನು ಉಣ್ಣೆಗೆ ಸೇರಿಸಿ ನೂತಳಂತೆ. ಬಂಡೆಯ ತುದಿಗೆ ಹೋಗಿ ನಿಂತು ಕಡಲಿಗೆ, ‘ನಿಂಗೊಂದು ಅಂಗಿ ಹೆಣೀತೀನಿ. ಅದು ಮುಗಿಯೋವರೆಗೂ ಈ ಮನೆಯವರನ್ನ ಕೇಳಬೇಡ’ ಅಂದಳಂತೆ. ಆಮೇಲೆ ಬೇಕೆಂದೇ ಮುಗಿಸಲಿಲ್ಲ.

“ಕಡಲಿಗೂ ಚಳಿ ಆಗತ್ತಾ, ಮಾರ್ಯುನಕ್ಕ?”

ಮಾರ್ಯುನ್ ನಗಲಿಲ್ಲ. “ಮೋಸ ಹೋದೋರು ಮರೆಯಲ್ಲ ಕಣೇ,” ಅಂದಳು.

ಎಂಟು ತಿಂಗಳಾಯಿತು. ಆ ಮನೆಯಲ್ಲಿ ಬಿರ್ತೆಯದು ಅನ್ನುವಂಥದ್ದು ಒಂದೂ ಇರಲಿಲ್ಲ. ಒಣಮಾಂಸ ಕೊಯ್ಯುವ ಚೂರಿ ಅತ್ತೆಯದು, ಒಲೆಯ ಬಳಿಯ ಕುರ್ಚಿ ಅತ್ತೆಯದು. ರೋಗ್ವಿ ಮೀನಿಗೆ ಹೋದರೆ ವಾರಗಟ್ಟಲೆ ಅವಳ ಪಾಲಿಗೆ ಉಳಿಯುತ್ತಿದ್ದದ್ದು ಕೊಂಕು ಮಾತು ಮಾತ್ರ.

“ಡೆನ್ಮಾರ್ಕಿನ ಬೆರಳು! ಸೂಜಿ ಚುಚ್ಚೋಕೆ ಬರತ್ತೆ, ಒಂದು ಕಾಲುಚೀಲ ಹೆಣೆಯೋಕೆ ಬರಲ್ಲ. ನನ್ನ ಮಗ ಬ್ಯಾಂಡೇಜು ಸುತ್ತಿಕೊಂಡು ಕಡಲಿಗೆ ಹೋಗಬೇಕೇನೋ.”

ಜೂನ್ ಬಂತು. ಕುರಿಗಳ ಉಣ್ಣೆ ತೆಗೆಯಲು ಸುನ್ನೂವಾ ನಾಲ್ಕು ದಿನದ ಮಟ್ಟಿಗೆ ಗುಡ್ಡ ಹತ್ತಿದಳು. ಗುರುವಾರ ಮಧ್ಯಾಹ್ನ ರೋಗ್ವಿಯ ದೋಣಿ ಬರುವುದಿತ್ತು. ಮಾರ್ಯುನ್ ಬಳಿ ಗುಟ್ಟಾಗಿ ಹೆಣಿಗೆ ಕಲಿತಿದ್ದ ಬಿರ್ತೆ ಮೊಳೆಯಿಂದ ಸ್ವೆಟರನ್ನು ಇಳಿಸಿದಳು. ಈ ಮನೆಯಲ್ಲಿ ಒಂದನ್ನಾದರೂ ತಾನು ಮುಗಿಸಬೇಕು. ಅವನು ಅದನ್ನೇ ತೊಟ್ಟು ಅತ್ತೆಯ ಮುಂದೆ ನಿಲ್ಲಬೇಕು.

ಮೂರು ದಿನ ಹೆಣೆದಳು. ಒಲೆಯ ಮುಂದೆ ಕೂತರೂ ನೂಲು ಒದ್ದೆಯಾಗಿತ್ತು. ಬೆರಳು ನೆಕ್ಕಿದರೆ ಉಪ್ಪು. ಒಣಮಾಂಸದ ಹುಳಿವಾಸನೆಯನ್ನೂ ಮೀರಿ ಕೊಳೆತ ಕಡಲಪಾಚಿಯ ನಾತ. ಗುರುವಾರ ಊಟದ ಹೊತ್ತಿಗೆ ಮಣಿಕಟ್ಟಿನ ಪಟ್ಟಿ ಮುಗಿಸಿ ಕೊನೆಯ ಕುಣಿಕೆ ಬಿಗಿದಳು.

ಗಾಳಿ ನಿಂತಿತು.

ಆ ದ್ವೀಪದಲ್ಲಿ ಗಾಳಿ ನಿಲ್ಲುವುದೆಂದರೆ ಗಡಿಯಾರವೇ ನಿಂತ ಹಾಗೆ. ಕಡಲಿನಿಂದ ಮಂಜು ಎದ್ದು ಬಂದು ಕಿಟಕಿಗೆ ಮುಖವೊತ್ತಿತು. ಹಗಲಿಗೇ ಬಿಳಿ ಕತ್ತಲು. ದೂರದಲ್ಲಿ ದೋಣಿಯ ಎಂಜಿನ್ನು ಟಕಟಕ ಅಂದು ತಟ್ಟನೆ ಸತ್ತಿತು. ಮೇಜಿನ ಮೇಲೆ ಸ್ವೆಟರಿನ ಎದೆ ಮೆಲ್ಲಗೆ ಉಬ್ಬಿತು. ಇಳಿಯಿತು. ಮತ್ತೆ ಉಬ್ಬಿತು. ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಬಾಗಿಲ ಹೊರಗೆ ರೋಗ್ವಿಯ ದನಿ. “ಬಿರ್ತೆ... ಚಳಿ... ಕೊಡು.”

ಅವಳು ಏಳುವಷ್ಟರಲ್ಲಿ ಗಾಳಿ ನಿಂತದ್ದು ಕಂಡು ಗುಡ್ಡದಿಂದ ಓಡಿಬಂದ ಸುನ್ನೂವಾ ಹಿತ್ತಿಲ ಬಾಗಿಲು ಒದ್ದುಕೊಂಡು ನುಗ್ಗಿದಳು. ಕೈಯಲ್ಲಿನ್ನೂ ಉಣ್ಣೆಕತ್ತರಿ ಇತ್ತು.

“ತೆಗೀಬೇಡ! ಅದು ಅವನಲ್ಲ. ಮುಗಿಸಿಬಿಟ್ಯಾ, ಪಾಪಿ?”

“ಅತ್ತೆ, ನಾನು...”

“ಬಿಚ್ಚು! ಮುಗಿಸಿದೋಳೇ ಬಿಚ್ಚಬೇಕು. ನಾನು ಬಿಟ್ಟ ಕುಣಿಕೆವರೆಗೂ. ಒಂದೂ ಉಳಿಸಬೇಡ!”

ಬಿರ್ತೆ ಎಳೆದಳು. ಸಾಲು ಬಿಚ್ಚಿತು. ಬಾಗಿಲ ಮೇಲೆ ಗುದ್ದು ಬಿತ್ತು. ಎಳೆದಳು. ಹೊಸ್ತಿಲ ಕೆಳಗಿಂದ ನೀರು ಒಳಬಂತು. ಮಣಿಕಟ್ಟು ಹೋಯಿತು. ನೂಲು ಬೆಚ್ಚಗಾಯಿತು. ಆ ಬಿಸಿ ಅವಳಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ದಿನವೂ ಕೈಗೆ ತಾಗಿದ ಮನುಷ್ಯರ ಮೈಬಿಸಿ. ಅವಳ ಕೈ ನಿಂತಿತು.

“ಅತ್ತೆ, ಇದು ಬಿಸಿ ಇದೆ...”

“ಗೊತ್ತು. ಎಳಿ. ಅವನನ್ನ ಪೂರ್ತಿ ಕೊಡ್ತೀಯಾ, ಇಷ್ಟು ಮಾತ್ರ ಕೊಡ್ತೀಯಾ?”

ಎಳೆದಳು. ಅಳುತ್ತ ಎಳೆದಳು. ಹಳೆಯ ಕುಣಿಕೆ ಸಿಕ್ಕಿತು. ಸುನ್ನೂವಾ ಕಡ್ಡಿಗಳನ್ನು ತೂರಿಸಿದಳು. ಬಾಗಿಲ ಗುದ್ದು ನಿಂತಿತು. ಗಾಳಿ ಬೀಸಿತು. ಮಂಜಿನೊಳಗೆ ಎಂಜಿನ್ನು ಕೆಮ್ಮಿ ಮತ್ತೆ ಟಕಟಕ ಅಂದಿತು.

ರೋಗ್ವಿಯನ್ನು ಹಾಯಿಬಟ್ಟೆಯಲ್ಲಿ ಹೊತ್ತು ತಂದರು. “ಗಾಳದ ಹಗ್ಗ ಕೈಗೆ ಸುತ್ತಿಕೊಂಡು ನೀರಿಗೆ ಎಳೀತಿತ್ತು,” ಅಂದ ದೋಣಿಯ ಯಜಮಾನ. “ಕೈ ಹೋಯ್ತಮ್ಮ. ಮನುಷ್ಯ ಉಳಿದ.”

ಎಡಗೈ. ಮೊಣಕೈವರೆಗೆ. ರಕ್ತ ಕಟ್ಟಿ, ಗಾಯ ತೊಳೆದು ಪಟ್ಟಿ ಸುತ್ತುವಾಗ ಬಿರ್ತೆ ಅಂಚನ್ನು ನೋಡಿದಳು. ಹಗ್ಗ ಹರಿದ ಗಾಯ ಹಾಗಿರುವುದಿಲ್ಲ. ಚರ್ಮದಲ್ಲಿ ಪುಟ್ಟ ಪುಟ್ಟ ಕುಣಿಕೆಗಳು ಸಾಲಾಗಿ, ಸಮನಾಗಿ ಬಾಯ್ತೆರೆದಿದ್ದವು.

ರೋಗ್ವಿ ಮಲಗಿದ ಮೇಲೆ ಸುನ್ನೂವಾ ಸ್ವೆಟರನ್ನು ಮೊಳೆಗೆ ಹಾಕಿದಳು. ಒಲೆಯ ಬಳಿಯ ಕುರ್ಚಿಯನ್ನು ಮೊದಲ ಸಲ ಸೊಸೆಯ ಕಡೆ ತಳ್ಳಿದಳು.

“ಕೂತ್ಕೋ. ನಂಗೆ ವಯಸ್ಸಾಯ್ತು. ಇನ್ನು ಇದನ್ನ ಕಾಯೋದು ನಿನ್ನ ಪಾಳಿ.”

ಬಿಚ್ಚಿದ ನೂಲನ್ನು ಸುತ್ತಿಡಲು ಬಿರ್ತೆ ಬುಟ್ಟಿಗೆ ಕೈ ಹಾಕಿದಳು. ಅದರ ಬಿಸಿ ಇನ್ನೂ ಆರಿರಲಿಲ್ಲ. ಸಿಕ್ಕುಗಳ ನಡುವೆ ಏನೋ ಮೆಲ್ಲಗೆ ಅವಳ ಬೆರಳುಗಳನ್ನು ಹಿಡಿದುಕೊಂಡಿತು, ಕಡಲಿಗೆ ಹೊರಡುವ ಮುನ್ನ ರೋಗ್ವಿ ಹಿಡಿಯುತ್ತಿದ್ದ ಹಾಗೆಯೇ.