ಗಾಜಿನ ಮೇಲೆ ಕಾಣದವರು

"ಅಲುಗಾಡಬೇಡ ಕಣೇ. ಒಂದೇ ಕಣ್ಣಲ್ಲಿ ನೋಡು. ಕಾಣಿಸ್ತಾ?" ಎಂದಳು ಚಿಕ್ಕಮ್ಮ.

ಪಿಟೀಲು ಸ್ಟೂಲಿನ ಮೇಲೆ ಮಂಡಿಯೂರಿ ಮೈಕ್ರೊಸ್ಕೋಪಿಗೆ ಕಣ್ಣು ಒತ್ತಿದಳು. ಪಿಟೀಲು ಅವಳ ನಿಜವಾದ ಹೆಸರೇನಲ್ಲ. ಏನಾದರೂ ಬೇಡವೆನಿಸಿದರೆ ಕುಂಯ್ ಕುಂಯ್ ಎಂದು ಕುಯ್ಯುತ್ತಲೇ ಇರುತ್ತಾಳೆಂದು ಮನೆಯವರು ಇಟ್ಟ ಹೆಸರು. ಈ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಚಿಕ್ಕಮ್ಮನೂ ಹಾಗೇ ಕರೆಯುತ್ತಾಳೆ.

ಮೊದಲು ಬರೀ ಮಬ್ಬು. ಚಿಕ್ಕಮ್ಮ ಪಕ್ಕದ ತಿರುಪು ತಿರುಗಿಸಿದಳು. ತಿಳಿಗುಲಾಬಿ ಬಣ್ಣದ ದುಂಡು ದುಂಡು ಬಿಲ್ಲೆಗಳು ಮೂಡಿದವು. ಕೆಲವುಗಳೊಳಗೆ ಮಾತ್ರ ಒಂದು ಸಣ್ಣ ನೀಲಿ ಉಂಗುರ, ಅದಕ್ಕೊಂದು ಕೆಂಪು ಚುಕ್ಕೆ.

"ಎಷ್ಟ್ ಚೆನ್ನಾಗಿದೆ! ಯಾರ ರಕ್ತ ಇದು?"

"ನಿಂದೇ. ಜ್ವರ ಬಂದ ದಿನ ತೆಗೆದಿದ್ದು. ಆ ಉಂಗುರಗಳೇ ಮಲೇರಿಯಾ."

ಪಿಟೀಲು ಥಟ್ಟನೆ ತಲೆ ಹಿಂದೆಳೆದಳು. ಕಂಬಳಿಯ ಮೇಲೆ ಕಂಬಳಿ ಹೊದ್ದು ತಾನು ಗಡಗಡ ನಡುಗುತ್ತಿದ್ದಾಗ, ಇವು ತನ್ನೊಳಗೆ ಆರಾಮವಾಗಿ ಮನೆ ಮಾಡಿಕೊಂಡಿದ್ದವು.

"ಒಳಗೆ ಕೂತು ಏನ್ ಮಾಡ್ತಿದ್ವು?"

"ತಿಂತಿದ್ವು. ರಕ್ತದ ಕೆಂಪನ್ನ ತಿನ್ನೋದೇ ಅವುಗಳ ಕೆಲಸ. ತಿಂದು ಉಳಿಯೋ ಕಸ ಇದ್ಯಲ್ಲ, ಅದು ಅವಕ್ಕೇ ವಿಷ. ಅದಕ್ಕೆ ಅದನ್ನ ಹರಳು ಕಟ್ಟಿ ಮೂಲೆಗೆ ತಳ್ತವೆ. ಮೊದಲನೇ ಮಾತ್ರೆ ಕೊಟ್ರಲ್ಲ, ಅದು ಹರಳು ಕಟ್ಟೋಕೇ ಬಿಡಲ್ಲ. ತಮ್ಮ ಕಸದಲ್ಲೇ ಸತ್ವು."

"ಮಾಡಿದ್ದುಣ್ಣೋ ಮಹಾರಾಯ!" ಎಂದು ಪಿಟೀಲು ಅಜ್ಜಿಯ ಧಾಟಿಯಲ್ಲಿ ಹೇಳಿದಳು. ನಗು ಮಾತ್ರ ಬರಲಿಲ್ಲ.

ಚಿಕ್ಕಮ್ಮ ಆ ಗಾಜು ತೆಗೆದು ಇನ್ನೊಂದನ್ನು ಇಟ್ಟಳು. ಇದು ಇವತ್ತು ಬೆಳಿಗ್ಗೆ ತೆಗೆದ ರಕ್ತ. ಬಿಲ್ಲೆಗಳೆಲ್ಲ ಖಾಲಿ. ಎಷ್ಟು ಹುಡುಕಿದರೂ ಒಂದು ಉಂಗುರವೂ ಇಲ್ಲ.

ಪಿಟೀಲಿಗೆ ಹೋದ ಜೀವ ಬಂದಂತಾಯಿತು. ಅವಳದೊಂದು ಗುಟ್ಟಿತ್ತು. ಜ್ವರ ಬಿಟ್ಟ ಮೇಲೂ ಅಮ್ಮ ದಿನಾ ಬೆಳಿಗ್ಗೆ ಎರಡನೇ ಬಗೆಯ ಮಾತ್ರೆ ಕೊಡುತ್ತಿದ್ದಳು. ಅದನ್ನು ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ಅದಕ್ಕೇ ಪಿಟೀಲು ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು, ಮುಖ ತೊಳೆಯುವ ನೆಪದಲ್ಲಿ ಉಗಿಯುತ್ತಿದ್ದಳು.

"ಚಿಕ್ಕಮ್ಮ, ಎಲ್ಲಾ ಸತ್ತೋದ್ಮೇಲೆ ಎರಡನೇ ಮಾತ್ರೆ ಯಾಕೆ? ಸುಮ್ನೆ ತಾನೆ?"

"ಸುಮ್ನೆ ಅಲ್ವೇ. ಅವುಗಳಲ್ಲಿ ಕೆಲವು ರಕ್ತಕ್ಕೆ ಬರೋದೇ ಇಲ್ಲ. ಇಲ್ಲಿ ಲಿವರ್‌ನಲ್ಲಿ ಮಲಗಿಬಿಡ್ತವೆ." ಚಿಕ್ಕಮ್ಮ ಅವಳ ಬಲಪಕ್ಕೆಯ ಕೆಳಗೆ ಬೆರಳಿಟ್ಟಳು. "ಮೊದಲನೇ ಮಾತ್ರೆಗೆಲ್ಲ ಜಗ್ಗಲ್ಲ. ಗಾಜಿನ ಮೇಲೆ ಕಾಣಲ್ಲ. ಯಾವತ್ತೋ ಒಂದಿನ, ನೀನು ಆಟ ಆಡ್ತಿರೋವಾಗ್ಲೋ ಪರೀಕ್ಷೆ ಬರೀತಿರೋವಾಗ್ಲೋ, ಎದ್ದು ಬರ್ತವೆ. ಮತ್ತೆ ಅದೇ ಚಳಿ. ಅವನ್ನ ಕೊಲ್ಲೋಕೇ ಎರಡನೇ ಮಾತ್ರೆ."

ಬೆರಳು ತೆಗೆದ ಮೇಲೂ ಆ ಜಾಗ ತಣ್ಣಗೇ ಇತ್ತು. ಕಿಟಕಿಯ ತುಂಬ ಬಿಸಿಲಿತ್ತು. ಸಿಂಕಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಪಿಟೀಲು ಉಸಿರು ಬಿಗಿಹಿಡಿದಳು. ಪಕ್ಕೆಯೊಳಗೆ ಯಾರೋ ಮಗ್ಗುಲು ಬದಲಿಸಿದ ಹಾಗಾಯಿತು.

"ನೀನ್ಯಾಕೆ ಮುಖ ಸಪ್ಪಗೆ ಮಾಡ್ಕೊಂಡೆ? ಮಾತ್ರೆ ಅಷ್ಟೂ ನುಂಗಿದ್ಯಲ್ಲ, ಜಾಣೆ. ಇರು, ನಿಮ್ಮಮ್ಮಂಗೆ ಎಲ್ಲಾ ಸರಿಹೋಯ್ತು ಅಂತ ಹೇಳ್ಬಿಡ್ತೀನಿ." ಚಿಕ್ಕಮ್ಮ ಫೋನ್ ಎತ್ತಿಕೊಂಡಳು.

ಪಿಟೀಲು ಆ ಫೋನನ್ನೇ ನೋಡಿದಳು. ಹೇಳಿದರೆ ಬೈಗುಳ, ಮತ್ತೆ ಆ ಮಾತ್ರೆ. ಹೇಳದಿದ್ದರೆ ಅಮ್ಮ ನಿಶ್ಚಿಂತೆಯಿಂದ ಇರುತ್ತಾಳೆ, ಡಾಕ್ಟರೂ ಮರೆತುಬಿಡುತ್ತಾರೆ. ಒಳಗೆ ಮಲಗಿರುವವರ ಸುದ್ದಿ ಇಡೀ ಲೋಕದಲ್ಲಿ ತನಗೊಬ್ಬಳಿಗೇ ಗೊತ್ತಿರುತ್ತದೆ. ಹಾಗೆ ಒಬ್ಬಳೇ ಅವುಗಳ ಜೊತೆ ಇರುವುದನ್ನು ನೆನೆಸಿಕೊಂಡೇ ಅವಳಿಗೆ ಅಳು ಬಂತು.

"ಫೋನ್ ಮಾಡ್ಬೇಡ ಚಿಕ್ಕಮ್ಮ. ಅವು ಇನ್ನೂ ಇವೆ."

"ಏನಂದೆ?"

"ನಾನು ನುಂಗಿಲ್ಲ. ದಿನಾ ಉಗೀತಿದ್ದೆ. ಹೊಟ್ಟೆ ತೊಳಸುತ್ತೆ."

ಚಿಕ್ಕಮ್ಮ ಫೋನ್ ಕೆಳಗಿಟ್ಟು ಅವಳನ್ನೇ ನೋಡಿದಳು.

"ತೊಳಸುತ್ತೆ ಅಂತ ಬಾಯಿಬಿಟ್ಟು ಹೇಳಿದ್ರೆ, ಊಟ ಆದ್ಮೇಲೆ ಕೊಡ್ತಿದ್ರಲ್ಲೇ. ನಡಿ, ಡಾಕ್ಟರ್ ಹತ್ರ ಹೋಗೋಣ. ಇದನ್ನೇ ಅವರಿಗೂ ಹೇಳು. ಮುಂದೇನು ಅಂತ ಅವರೇ ಹೇಳ್ತಾರೆ."

"ನೀನು ಬೈಯಲ್ವಾ?"

"ಆಮೇಲೆ ಬೈತೀನಿ. ಈಗ ಅವು ಮಲಗಿವೆ."

ಹೊರಗಿನ ಉದ್ದನೆಯ ಕಾರಿಡಾರಿನಲ್ಲಿ ಅವರಿಬ್ಬರನ್ನು ಬಿಟ್ಟರೆ ಒಬ್ಬರೂ ಇರಲಿಲ್ಲ. ಪಿಟೀಲಿನ ಚಪ್ಪಲಿ ಪಟಪಟ ಸದ್ದು ಮಾಡಿತು. ಅವಳು ನಿಂತಳು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ತುದಿಗಾಲಿನಲ್ಲಿ ಡಾಕ್ಟರ ಕೋಣೆಯ ಕಡೆ ಬೇಗ ಬೇಗ ನಡೆದಳು.